ಹಗಲು ಹೇಳಿದ ಕಥೆ

"ರಾಜಕುಮಾರಿ ಕಥಿ ಬ್ಯಾಡ್ರೀ ಅಕ್ಕಾರ" ಎಂದಳು ನೀಲಾಂಬಿಕಾ. "ನನ್ನಷ್ಟು ಹುಡುಗೀದು ಒಂದು ಹೇಳ್ರಿ."

ಬಾಯಿ ತೆರೆದಿದ್ದ ಶೋಭಾರಾಣಿ ಹಾಗೇ ತಡೆದಳು. ಏಳು ಸಮುದ್ರ, ಹಾರುವ ಕುದುರೆ, ಮಾತಾಡುವ ಗಿಣಿ ಎಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಕಥೆ ಒಂದೂ ಇರಲಿಲ್ಲ.

ಮಹಡಿ ಮೆಟ್ಟಿಲಿನ ಅಡಿಯ ಓರೆ ಜಾಗದಲ್ಲಿ ಚಾಪೆ ಹಾಸಿ ನೀಲಾಳನ್ನು ಕೂರಿಸಿದ್ದರು. ಹುಡುಗಿ ದೊಡ್ಡವಳಾಗಿದ್ದಳು. ಬೇರೆ ಕೂರಿಸುವುದಕ್ಕೆ ಅವರ ಒಂದೇ ಕೋಣೆಯ ಮನೆಯಲ್ಲಿ ಎಡೆಯಿರಲಿಲ್ಲವೆಂದು, ಮನೆಯೊಡತಿ ಚಿಕ್ಕಮುನಿಯಮ್ಮ ಮೆಟ್ಟಿಲಡಿಯ ಹಳೇ ಸಾಮಾನು ತೆಗೆಸಿ ಗೋಮೂತ್ರ ಚಿಮುಕಿಸಿ ಕೊಟ್ಟಿದ್ದಳು. ಊರಲ್ಲಾಗಿದ್ದರೆ ಚಾಪೆಯ ಮುಂದೆ ಒನಕೆ ಅಡ್ಡ ಇಡುತ್ತಿದ್ದರು. ಪೀಣ್ಯದ ಸಾಲುಮನೆಯಲ್ಲಿ ಒನಕೆ ಎಲ್ಲಿಂದ ಬರಬೇಕು? ಅವಳ ಅಪ್ಪ ಅಮರಪ್ಪ ತುಮಕೂರು ರಸ್ತೆಯ ಮೇಲ್ಸೇತುವೆ ಕೆಲಸದಲ್ಲಿ ಕಂಬಗಳಿಗೆ ಕಬ್ಬಿಣ ಕಟ್ಟುವವನು. ಅಲ್ಲಿಂದ ಒಂದು ತುಂಡು ಸರಳು ತಂದು, ತೊಳೆದು, ಅರಿಶಿನ ಹಚ್ಚಿ ಅಡ್ಡ ಇಟ್ಟಿದ್ದ.

ಶೋಭಾರಾಣಿ ಚಿಕ್ಕಮುನಿಯಮ್ಮನ ಸೊಸೆ. ಪೇಪರಿನ ಭಾನುವಾರದ ಮಕ್ಕಳ ಪುಟಕ್ಕೆ ಆಗೀಗ ಕಥೆ ಬರೆಯುತ್ತಿದ್ದಳು. ಎಲ್ಲವೂ ಅವಳ ಅಜ್ಜಿ ಹೇಳಿದ್ದ ಕಥೆಗಳೇ. ಇವಳು ಸ್ವಲ್ಪ ಒಪ್ಪ ಮಾಡಿ, ಕೊನೆಗೊಂದು ನೀತಿ ಸೇರಿಸಿ ಕಳಿಸುತ್ತಿದ್ದಳು. ಅಚ್ಚಾದಾಗ ಸಾಲುಮನೆಯ ಮಕ್ಕಳಿಗೆಲ್ಲ ಓದಿ ತೋರಿಸುವಳು. ಹೆಚ್ಚು ಕೇಳಿಸಿಕೊಂಡವಳು ನೀಲಾ.

ಅವತ್ತು ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ನೀಲಾಳ ಅವ್ವ ದುರ್ಗವ್ವ ಚಪ್ಪಲಿ ಮೆಟ್ಟುತ್ತಾ ಶೋಭಾರಾಣಿಗೆ ಹೇಳಿದ್ದಳು: "ನನ್ನ ತಮ್ಮ ಸಿದ್ರಾಮ ಇವತ್ತ ಲಿಂಗಸುಗೂರಿಂದ ಬರ್ತಾನ್ರಿ. ಸೋದರಮಾವನ ಕೈಲೆ ಹಸರ ಗುಡಿಸಲ ಕಟ್ಟಸಬೇಕಲ್ರೀ. ಶಾಸ್ತ್ರ ಮುಗಿಸಿ ಹುಡುಗೀನ ಕರಕೊಂಡು ಹೋಗ್ತಾನ."

"ಕರ್ಕೊಂಡು ಅಂದ್ರೆ?"

"ಹುಟ್ಟಿದಾಗಿಂದ ಅವಗ ಅಂತ ಮಾತಾಗೈತ್ರಿ. ನಮ್ಮವ್ವನ ಕಡೆ ಒಂದೆರಡು ವರ್ಷ ಇರ್ತಾಳ, ಆಮ್ಯಾಲ ಅಕ್ಷತಿ."

"ಸ್ಕೂಲು?"

"ಇನ್ನೇನ್ ಸಾಲೀರಿ" ಎಂದಿದ್ದಳು ದುರ್ಗವ್ವ, ಮಗಳ ಕಡೆ ನೋಡದೆ. ನೀಲಾ ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದಳು. ಶೋಭಾರಾಣಿಗೆ ಏನೋ ಹೇಳಬೇಕೆನ್ನಿಸಿತು. ಬಾಡಿಗೆಯವರ ಮನೆಯೊಳಗಿನ ಮಾತು, ತಾನು ಹೇಳಿದರೆ ಯಜಮಾನಿಕೆ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನಾದಳು. ಆ ಸುಮ್ಮನಿರುವಿಕೆಯ ಭಾರಕ್ಕೋ ಏನೋ, ಬೆಳಗಿನ ತಿಂಡಿ ಮುಗಿಸಿದವಳೇ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತು "ಒಂದು ಕಥೆ ಹೇಳ್ಲೇನೇ?" ಎಂದು ಕೇಳಿದ್ದಳು.

"ಅಗಲೊತ್ನಾಗೆ ಕತೆ ಏಳಕ್ಕೆ ಕುಂತವ್ಳೆ ನೋಡು!" ಅಂಗಳದ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮುನಿಯಮ್ಮ ಅಲ್ಲಿಂದಲೇ ಕೂಗಿದಳು. ಧನುರ್ಮಾಸದ ಪೂಜೆಗೆಂದು ನಸುಕಿನಲ್ಲೇ ಎದ್ದು ದೇವಸ್ಥಾನಕ್ಕೆ ಹೋಗಿ ಬಂದಿದ್ದ ಅವಳ ಹಣೆಯ ಮೇಲೆ ವಿಭೂತಿ ಇನ್ನೂ ಇತ್ತು. "ಯಾರ ಸೋದರ್ಮಾವ ದಾರಿ ತಪ್ಬೇಕಮ್ಮಾ ಇವತ್ತು?"

"ಅತ್ತೆ, ನೀವೊಬ್ರು. ಯಾವ ಕಾಲದ ಮಾತು."

"ಯಾವ ಕಾಲ್ದು? ನಾನು ನಿನ್ ಗಂಡುಂಗೆ ಅಗಲೊತ್ತು ಕತೆ ಏಳ್ದೆ ಅಂತ ನಮ್ಮಣ್ಣ ದಾರಿ ತಪ್ಪಿ ಓದ್ನೋ ಇಲ್ವೋ ಕೇಳು. ದೊಡ್ಡಬಳ್ಳಾಪುರದ ಸಂತೆಗೆ ಓಗಿ ದನ ತತ್ತೀನಿ ಅಂತ ಒಂಟೋನು ಮಾಗಡಿ ಸೇರ್ಕಂಡ. ದನಾನೂ ಇಲ್ಲ ಗಿನಾನೂ ಇಲ್ಲ, ಎಂಡ್ರುನ್ನ ಕಟ್ಕಂಡು ಬಂದ."

ಶೋಭಾರಾಣಿ ನಕ್ಕಳು. ನೀಲಾ ನಗಲಿಲ್ಲ. ಚಾಪೆಯ ಕಡ್ಡಿ ಕೀಳುವುದನ್ನು ನಿಲ್ಲಿಸಿ, ಕತ್ತು ಚಾಚಿ ಕೇಳಿದಳು:

"ಅಜ್ಜೀ, ಯಾರ ಸೋದರಮಾವ ದಾರಿ ತಪ್ಪೋದು? ಕಥಿ ಹೇಳೋರದೋ, ಕೇಳೋರದೋ?"

"ಕೇಳೋರ್ದು ಕಣವ್ವ. ನನ್ ಮಗ ಕೇಳ್ದ, ಅವನ ಸೋದರ್ಮಾವ ಓದ."

"ಹಂಗಾರ ಹೇಳ್ರೀ ಅಕ್ಕಾರ" ಎಂದಳು ನೀಲಾ. "ದೊಡ್ಡ ಕಥೀನ ಹೇಳ್ರಿ."

ಹಾಗೆ ಶುರುವಾಗಿದ್ದು. ರಾಜಕುಮಾರಿಯನ್ನು ಬೇಡವೆಂದ ಮೇಲೆ ಶೋಭಾರಾಣಿಗೆ ಹಿಂದೆ ಹೋಗುವುದೊಂದೇ ಉಳಿದ ದಾರಿ. ಅವಳು ಆನೇಕಲ್ಲಿನ ಹತ್ತಿರದ ತನ್ನ ತವರಿಗೆ ಹೋದಳು. ಅಲ್ಲಿ ಆಗಿನ್ನೂ ಕೆರೆಯಿತ್ತು. ಕೆರೆಯ ಹಿಂದೆ ರಾಗಿ ಹೊಲ, ರಾಗಿಯ ಸಾಲಿನ ನಡುವೆ ಅವರೆ. ಮಂಜಿಗೆ ಅವರೆಯ ಸೊಗಡು ಏರಿ, ಕಾಯಿ ಬಿಡಿಸಿದ ಕೈ ಇಡೀ ದಿನ ಘಮ್ಮೆನ್ನುತ್ತಿತ್ತು.

"ಒಂದೂರಲ್ಲಿ ಒಬ್ಬಳು ಹುಡುಗಿ ಇದ್ಲು" ಎಂದಳು. ಹೆಸರು ಹೇಳಲಿಲ್ಲ. "ಅವರೆಕಾಯಿ ಬಿಡಿಸ್ತಾ ಇದ್ಲು. ಲಂಗದ ಮೇಲೆ ರಕ್ತ ನೋಡಿದ್ಲು."

"ಹೂಂ."

"ನಾನು ಸಾಯ್ತೀನಿ ಅಂದ್ಕೊಂಡ್ಲು. ಸತ್ತುಹೋದ್ರೆ ಅಮ್ಮ ಬಯ್ತಾಳೆ ಅಂತ ಕೆರೇಲಿ ಲಂಗ ತೊಳ್ದು, ಹುಲ್ಲಿನ ಮೆದೇಲಿ ಬಚ್ಚಿಟ್ಲು."

ನೀಲಾ "ಸತ್ತ ಮ್ಯಾಲ ಹ್ಯಾಂಗ ಬೈತಾರ್ರೀ?" ಎಂದು ಕಿಸಕ್ಕನೆ ನಕ್ಕಳು. ಮತ್ತೆ ಮೆಲ್ಲಗೆ, "ನಾನೂ ಹಂಗ ಅನ್ಕೊಂಡಿದ್ದೆ" ಎಂದಳು.

ಶೋಭಾರಾಣಿಯ ದನಿ ತಾನಾಗಿ ತಗ್ಗಿತು. ಯಾರಿಗೂ ಹೇಳದಿದ್ದ ಸಂಗತಿಗಳು ಒಂದರ ಹಿಂದೆ ಒಂದು ಬಂದವು. ಎಮ್ಮೆಗೆ ಹುಲ್ಲು ಎಳೆಯಹೋದ ಅಜ್ಜಿಯ ಕೈಗೆ ಲಂಗ ಸಿಕ್ಕಿದ್ದು. ಅಜ್ಜಿ ಅಲ್ಲೇ ಮೆದೆಗೆ ಕೈಮುಗಿದು ನಕ್ಕಿದ್ದು. ಹೊಸೂರಿನ ಕಡೆಯಿಂದ ಸೋದರಮಾವ ಬಂದು ಅತ್ತಿಸೊಪ್ಪು, ಹೊಂಗೆಸೊಪ್ಪು ತಂದು ಹಿತ್ತಲಲ್ಲಿ ಗುಡಿಸಲು ಹಾಕಿದ್ದು. ಊರ ಹೆಂಗಸರು ತಲೆಗೆ ಎಣ್ಣೆ ಇಟ್ಟು, ಬಾಯಿಗೆ ಚಿಗಳಿ ತುರುಕಿ, ಗುಡಿಸಲಿನ ಸುತ್ತ ಕೂತು ಹಾಡು ಹೇಳಿದ್ದು. ಹಾಡಿನ ತುಂಬ ಚೆಲುವೆ, ಮೊಗ್ಗು, ಅರಮನೆ. ಒಳಗೆ ಕೂತವಳಿಗೆ ಮಾತ್ರ ಏನಾಗಿದೆ ಎಂದು ಒಬ್ಬರೂ ಬಿಡಿಸಿ ಹೇಳಲಿಲ್ಲ.

"ಆ ಹುಡುಗಿಗೆ ಸೊಪ್ಪಿನ ಸಂದಿಯಿಂದ ಹಿತ್ತಲಿನ ಸೀಬೆ ಮರ ಕಾಣ್ತಿತ್ತು. ತುದೀಲಿ ಹಣ್ಣಿತ್ತು. ಗಿಣಿ ಕಚ್ಚಿರಲಿಲ್ಲ. ದಿನಾ ಹತ್ತೋ ಮರ ಅದು. ಇನ್ಮೇಲೆ ನಾನು ಹತ್ತಬಹುದಾ ಅಂತ ಯಾರನ್ನಾದ್ರೂ ಕೇಳ್ಬೇಕು ಅಂತ ಅವಳಿಗೆ. ಯಾರನ್ನ ಕೇಳೋದು? ಎಲ್ರೂ ಹಾಡ್ತಿದ್ರು."

"ಹೂಂ. ಆಮ್ಯಾಲ? ಆಕಿ ಮತ್ತ ಹತ್ತಿದಳೇನ್ರೀ?"

ಶೋಭಾರಾಣಿ ಉತ್ತರ ಹುಡುಕಿದಳು. ತಾನು ಮತ್ತೆ ಮರ ಹತ್ತಿರಲಿಲ್ಲ. ಆ ವರ್ಷ ಹಣ್ಣನ್ನು ತಮ್ಮ ಕಿತ್ತುಕೊಟ್ಟಿದ್ದ. ಮುಂದಿನ ವರ್ಷವೂ ತಮ್ಮನೇ. ಆಮೇಲೆ ಮರ ಇತ್ತೋ ಇಲ್ಲವೋ ನೆನಪಿಲ್ಲ. ಇದನ್ನು ಹೇಳುವುದೋ, ಹತ್ತಿದಳು ಎಂದು ಮುಗಿಸುವುದೋ ತೋಚದೆ ಕೂತಿದ್ದಾಗ, ರಸ್ತೆಯಲ್ಲಿ ನೀರಿನ ಟ್ಯಾಂಕರು ಹಾರ್ನ್ ಹೊಡೆಯಿತು. ಸಾಲುಮನೆಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದು, ಬಿಂದಿಗೆಗಳ ಸದ್ದಾಯಿತು.

"ನಾಳೆ ಹೇಳ್ತೀನಿ ಕಣೇ" ಎಂದು ಎದ್ದುಹೋದಳು.

ಸಿದ್ರಾಮ ಹೊತ್ತೇರುವ ಮೊದಲೇ ಬರಬೇಕಿತ್ತು. ಮಧ್ಯಾಹ್ನ ದಾಟಿದರೂ ಬರಲಿಲ್ಲ. ಅರ್ಧ ದಿನ ರಜೆ ಹಾಕಿ ಬಂದ ದುರ್ಗವ್ವ ಗೇಟಿನ ಹತ್ತಿರ ನಿಂತೇ ಇದ್ದಳು. ಅವನ ಮೊಬೈಲ್ ಸ್ವಿಚಾಫ್ ಎನ್ನುತ್ತಿತ್ತು. ಬಸ್ಸು ಬೆಳಿಗ್ಗೆಯೇ ಬೆಂಗಳೂರು ಮುಟ್ಟಿದೆ ಎಂದು ಅದೇ ಬಸ್ಸಿನಲ್ಲಿ ಬಂದ ಅವರೂರಿನ ಮಲಕಪ್ಪ ಫೋನಿನಲ್ಲಿ ಹೇಳಿದ. ಅಮರಪ್ಪ ಕೆಲಸದ ಟೊಪ್ಪಿಗೆಯನ್ನೂ ತೆಗೆಯದೆ ಹುಡುಕಲು ಹೋದ.

ಮೆಟ್ಟಿಲಡಿಯಲ್ಲಿ ನೀಲಾ ಮೊದಮೊದಲು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅವ್ವ ಒಳಗೆ ಹೊರಗೆ ಓಡಾಡುವುದನ್ನು ನೋಡುತ್ತಾ ಒಮ್ಮೆ ತುಟಿಯಲ್ಲೇ ನಕ್ಕಳು ಕೂಡ. ಬಿಸಿಲು ಗೋಡೆ ಹತ್ತಿ, ಫ್ಯಾಕ್ಟರಿಗಳ ಸಂಜೆಯ ಸೈರನ್ ಕೂಗಿದಾಗ ಮುಖ ಬಾಡಿತು. ಶೋಭಾರಾಣಿ ಕಾಫಿ ಲೋಟ ತಂದು ಸರಳಿನಾಚೆ ಇಟ್ಟಳು. ಹುಡುಗಿ ಮುಟ್ಟಲಿಲ್ಲ.

"ಅಕ್ಕಾರ, ಹೇಳಿದ ಕಥೀನ ವಾಪಸ್ ತಗೊಳ್ಳಾಕ ಬರತೈತೇನ್ರೀ?"

"ಏನಂದೆ?"

"ವಾಪಸ್ ತಗೋರಿ. ಮಾವ ಲಾರ್ಯಾಗ ಗೀರ್ಯಾಗ ಸಿಕ್ಕಿದ್ರ? ನಾ ಬರೇ ದಾರಿ ತಪ್ಪಲಿ, ಹಂಗ ಊರಿಗೆ ಹೊಳ್ಳಿ ಹೋಗಲಿ ಅಂತ ಕೇಳಿದ್ದು. ಸಣ್ಣಾಕಿ ಇದ್ದಾಗ ನನ್ನ ಹೆಗಲ ಮ್ಯಾಲ ಕುಂದರಿಸಿಕೊಂಡು ಗುಡ್ಡದ ಗುಡಿ ತೋರಿಸಿದ್ದು ಅವನ." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಕಥೆ ಹೇಳೋರದೋ, ಕೇಳೋರದೋ ಎಂದು ನೀಲಾ ಬೆಳಿಗ್ಗೆ ಕೇಳಿದ್ದೇಕೆಂದು ಶೋಭಾರಾಣಿಗೆ ಈಗ ತಿಳಿಯಿತು. ತಾನು ಹೊತ್ತು ಕಳೆಯಲೆಂದು ಹೇಳಿದ್ದನ್ನು ಈ ಹುಡುಗಿ ಹೊಲದ ಬದುವಿನಲ್ಲಿ ನುಗ್ಗುವ ದನ ಓಡಿಸಲು ಕಲ್ಲು ಹಿಡಿದು ನಿಂತವರ ಹಾಗೆ ಕೈಯಲ್ಲಿ ಹಿಡಿದುಕೊಂಡಿದ್ದಳು. ಬೇರೇನೂ ಅವಳ ಕೈಗೆ ಸಿಕ್ಕಿರಲಿಲ್ಲ. "ಹಾಗೆಲ್ಲ ಏನೂ ಆಗಲ್ಲ ಕಣೇ" ಎಂದು ಸಮಾಧಾನ ಹೇಳುವ ಬದಲು ಅವಳು ನೇರ ಅತ್ತೆಯ ಬಳಿ ಹೋಗಿ ಕೇಳಿದಳು: "ಅತ್ತೆ, ದಾರಿ ತಪ್ಪಿದ್ರೆ ಏನ್ ಮಾಡ್ಬೇಕು?"

ಚಿಕ್ಕಮುನಿಯಮ್ಮ ಹಾಸ್ಯ ಮಾಡಲಿಲ್ಲ. ಸೊಸೆಯ ಮುಖ ನೋಡಿದಳು, ಮೆಟ್ಟಿಲಡಿಯ ಕಡೆ ನೋಡಿದಳು. "ಕತೆ ಏಳ್ದೋಳೇ ದೀಪ ಅಚ್ಬೇಕು. ಗೇಟ್ತಾವ ಅಚ್ಚು, ಎಣ್ಣೆ ಜಾಸ್ತಿ ಉಯ್ಯಿ. ಮುನೇಸ್ವರ ಕಣ್ ಬಿಡ್ತಾನೆ" ಎಂದಳು. ನಿಜವಾಗಿ ಹಾಗೊಂದು ಪದ್ಧತಿ ಇತ್ತೋ, ಆಗ ಹೊಳೆದದ್ದೋ, ಅವಳು ಯಾವತ್ತೂ ಹೇಳಲಿಲ್ಲ.

ಶೋಭಾರಾಣಿ ಗೇಟಿನ ಬದಿಗೆ ಮಣ್ಣಿನ ಹಣತೆ ಇಟ್ಟು ಬತ್ತಿ ಹೊತ್ತಿಸಿದಳು. ದೂಳಿನ ಗಾಳಿಗೆ ಎರಡು ಸಲ ಆರಿತು. ಮತ್ತೆ ಹಚ್ಚಿ, ಸೆರಗು ಅಡ್ಡ ಹಿಡಿದು ಕೂತಳು. ಬೀದಿಯಲ್ಲಿ ಶಿಫ್ಟು ಬಿಟ್ಟವರು ಸೈಕಲ್ಲುಗಳಲ್ಲಿ, ಟೆಂಪೋಗಳಲ್ಲಿ ಹೋಗುತ್ತಿದ್ದರು. ಅವರ ನಡುವೆ ಹಸಿರು ಹೊರೆಯೊಂದು ತೂಗಾಡುತ್ತಾ ಬರುವುದು ಕಾಣಿಸಿತು. ಹೊರೆಯ ಕೆಳಗೆ ದೂಳು ಮೆತ್ತಿದ ಎರಡು ಕಾಲು. ಪಕ್ಕದಲ್ಲಿ ಅಮರಪ್ಪ.

ಸಿದ್ರಾಮ ಹೊರೆ ಇಳಿಸಿ ಗೋಡೆಗೊರಗಿದ. ಹಸಿ ಜೋಳದ ದಂಟು, ಬೇವಿನ ಸೊಪ್ಪು, ತಮ್ಮ ಹೊಲದ್ದು. ಮೀಸೆ ಇನ್ನೂ ಪೂರ್ತಿ ಬಲಿಯದ ಹುಡುಗ. ಚೊಂಬಿನ ನೀರನ್ನು ಒಂದೇ ಗುಟುಕಿಗೆ ಕುಡಿದು ಭಾವನ ಕಡೆ ತಿರುಗಿದ: "ಏನ್ ಗುರುತು ಹೇಳಿದ್ಯೋ ಭಾವ! ಕಬ್ಬಿಣ ಬರೇ ಮೈಲೆ ನಿಂತ ಕಂಬದ ಎದುರಿನ ಓಣಿ ಅಂದಿ. ಆ ಕಂಬ ಹುಡುಕ್ಕೋಂತ ಹೋದೆ, ಹೋದೆ, ನೆಲಮಂಗಲ ಬಂತು!"

"ಅಯ್ಯ, ಅದಕ್ಕ ಮೊನ್ನೇನ ಕಾಂಕ್ರೀಟ್ ಹಾಕೀವಿ. ಈಗ ಬರೇ ಮೈಲೆ ಇರೋದು ಮುಂದಿನ ಕಂಬ."

"ಮತ್ತ ಅದನ್ನ ಕಂಬಕ್ಕ ಹೇಳಿ ಬಂದಿದ್ಯಾ, ನನಗ ಹೇಳಿದ್ಯಾ?"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಸಿದ್ರಾಮನಿಗೂ ಹುರುಪು ಬಂತು. "ಸಿಕ್ಕಸಿಕ್ಕವರೆಲ್ಲ ಮೇವು ಏನ್ ರೇಟು ಅಂತ ಕೇಳೋರೇ. ಒಂದು ಫ್ಯಾಕ್ಟರಿ ಗೇಟಿನ್ಯಾಗ ಅಂತೂ, ಸೆಕ್ಯೂರಿಟಿ ಗಾರ್ಡು ಒಳಗ ಎತ್ತು ಇಲ್ಲಪಾ ಅಂದ."

"ನಾನ ಮಾಮಾ" ಎಂಬ ದನಿ ಮೆಟ್ಟಿಲಡಿಯಿಂದ ಬಂತು. "ನಾನ ನಿನಗ ದಾರಿ ತಪ್ಪಿಸಿದ್ದು. ಹಗಲ ಹೊತ್ತಿನ್ಯಾಗ ಅಕ್ಕಾರ ಕಡಿಂದ ಕಥಿ ಹೇಳಿಸಿದೆ."

ನಗು ನಿಂತಿತು. ದುರ್ಗವ್ವ "ಬಾಯಿ ಮುಚ್ಚೇ" ಎಂದು ಎದ್ದಳು. ಸಿದ್ರಾಮ ಅಕ್ಕನ ತೋಳು ಹಿಡಿದು ಕೂರಿಸಿ, ತಾನೇ ಎದ್ದು ಹೋಗಿ ಸರಳಿನಿಂದ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕಾಲಿನ ಹೆಬ್ಬೆರಳಿನ ಬೊಬ್ಬೆಯನ್ನು ಒತ್ತುತ್ತಿದ್ದ.

"ಅದಕ್ಕ ಕಥಿ ಯಾಕ ಬೇಕಿತ್ತವ್ವಾ?" ಎಂದ ಕೊನೆಗೆ. "ಬರಬ್ಯಾಡ ಅಂತ ಹೇಳಿದ್ರ ಆಗ್ತಿರಲಿಲ್ಲೇನು?"

"ಯಾರಿಗೆ ಹೇಳಲಿ ಮಾಮಾ?"

ಸಿದ್ರಾಮ ಎದ್ದು ಹೊರೆ ಬಿಚ್ಚಿದ. ದಂಟುಗಳನ್ನು ಒಂದೊಂದಾಗಿ ಕೊಡವಿ, ಬಾಡಿದ ಗರಿ ತೆಗೆದು, ಮೆಟ್ಟಿಲಿನ ಓರೆಗೆ ಆನಿಸಿ ನಿಲ್ಲಿಸತೊಡಗಿದ. ಅಮರಪ್ಪ ಕಂಬಿಗೆ ಸುತ್ತುವ ಸಣ್ಣ ತಂತಿ ತಂದು ಕಟ್ಟಿಕೊಟ್ಟ. ಚಿಕ್ಕಮುನಿಯಮ್ಮ ತಂಬಿಟ್ಟಿನ ತಟ್ಟೆ ಹಿಡಿದು ಬಂದು, "ಎಡಗಡೆ ಓರೆ ಆಯ್ತು ಕಣಪ್ಪ" ಎನ್ನುತ್ತಾ ನಿಂತಳು. ಹಸಿ ಜೋಳದ ಸಿಹಿ ವಾಸನೆ ಆ ಸಾಲುಮನೆಯ ಡೀಸೆಲ್ ಗಾಳಿಯಲ್ಲಿ ಮೆಲ್ಲಗೆ ಹರಡಿತು. ಕೊನೆಯ ದಂಟನ್ನು ಸಿಕ್ಕಿಸುತ್ತಾ, ಯಾರನ್ನೂ ನೋಡದೆ ಸಿದ್ರಾಮ ಹೇಳಿದ:

"ಅಕ್ಕಾ, ನಾ ಗುಡಿಸಲ ಕಟ್ಟಾಕ ಬಂದೀನಿ. ಕಟ್ಟಿದೆ. ಕರಕೊಂಡು ಹೋಗೋದಿಲ್ಲ."

"ಅವ್ವಗ ಏನ್ ಹೇಳ್ತಿ? ಮಂದಿಗೆ ಏನ್ ಹೇಳ್ತಿ?"

"ಅವ್ವಗ ನಾ ಹೇಳ್ಕೋತೀನಿ. ಆಕಿ ಸಾಲಿ ಕಲೀಲಿ."

ದುರ್ಗವ್ವ ಖಾಲಿ ಚೊಂಬನ್ನು ಕುಕ್ಕಿ ಒಳಗೆ ಹೋದಳು. ತಮ್ಮ ಅಲ್ಲಿದ್ದಷ್ಟು ದಿನವೂ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ರೊಟ್ಟಿ ಮಾತ್ರ ಬಿಸಿಬಿಸಿಯಾಗಿ ಬಡಿಸುತ್ತಿದ್ದಳು.

ಮಕ್ಕಳ ಪುಟಕ್ಕೆ ಆಮೇಲೆ ಶೋಭಾರಾಣಿ ಗಿಣಿಯ ಕಥೆ ಕಳಿಸಲಿಲ್ಲ. ಹುಲ್ಲಿನ ಮೆದೆಯಲ್ಲಿ ಲಂಗ ಬಚ್ಚಿಟ್ಟ ಹುಡುಗಿಯನ್ನು ಬರೆದು ಕಳಿಸಿದಳು. ಮಕ್ಕಳಿಗೆ ಇದು ಸಲ್ಲದು ಎಂದು ವಾಪಸು ಬಂತು. ಮತ್ತೆ ಬರೆದಳು. ದನಿ ಒಡೆಯುತ್ತಿದ್ದುದರಿಂದ ಪ್ರಾರ್ಥನೆಯಲ್ಲಿ ಬಾಯಿ ಮಾತ್ರ ಆಡಿಸುತ್ತಿದ್ದ ಜಾಲಹಳ್ಳಿಯ ಹುಡುಗ, ಗೆಳತಿಯರಿಗಿಂತ ಎತ್ತರ ಬೆಳೆದು ಬೆನ್ನು ಬಾಗಿಸಿ ನಡೆಯುವವಳು, ಹೀಗೆ ಒಬ್ಬೊಬ್ಬರೇ ಬಂದರು. ವರ್ಷಗಳು ಕಳೆದು ಅವು ಪುಸ್ತಕಗಳೂ ಆದವು.

ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುವವರು ಒಮ್ಮೆ ಅವಳನ್ನು ಕರೆಸಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ, "ಆಂಟಿ, ನೀವ್ಯಾಕೆ ಬರೀ ನಮ್ಮ ಏಜ್‌ನೋರ ಬಗ್ಗೆನೇ ಬರೀತೀರಾ?" ಎಂದಳು.

"ನಿಮ್ಮ ವಯಸ್ಸಲ್ಲಿ ಕೆಲವು ಮಾತು ಯಾರಿಗೆ ಹೇಳೋದು ಅಂತ ಗೊತ್ತಾಗಲ್ಲ ಅಲ್ವಾ..."

"ಮಮ್ಮಿಗೆ ಹೇಳಬಹುದಲ್ಲಾ!" ಎಂದಳು ಹುಡುಗಿ ತಟ್ಟನೆ. ಮಕ್ಕಳೆಲ್ಲ ನಕ್ಕರು, ಶೋಭಾರಾಣಿಯೂ ನಕ್ಕಳು. ಹಿಂದಿನ ಸಾಲಿನ ತುದಿಯಲ್ಲಿ, ಕನ್ನಡಕದ ಒಬ್ಬಳು ಮಾತ್ರ ನಗದೆ ಅವಳನ್ನೇ ನೋಡುತ್ತಿದ್ದಳು. ಶೋಭಾರಾಣಿ ಪುಸ್ತಕ ತೆರೆದು ಓದುವುದಕ್ಕೆ ಶುರು ಮಾಡಿದಳು, ಆ ತುದಿಯವರೆಗೆ ಕೇಳಿಸುವಷ್ಟು ದನಿಯಲ್ಲಿ.

ವಾಪಸು ಬರುವ ಹೊತ್ತಿಗೆ ಸಂಜೆ. ಪೀಣ್ಯದಲ್ಲಿ ಬಸ್ಸು ಮೇಲ್ಸೇತುವೆಯ ಕೆಳಗೆ ನಿಂತುಬಿಟ್ಟಿತು. ಮೇಲೆ ಮೆಟ್ರೊ ಹಾದುಹೋಯಿತು. ಕಿಟಕಿಯ ಪಕ್ಕದಲ್ಲಿ ಬೂದು ಬಣ್ಣದ ಕಂಬಗಳ ಸಾಲು, ಒಂದರಂತೆ ಇನ್ನೊಂದು. ಅವುಗಳಲ್ಲಿ ಕೆಲವು ಇನ್ನೂ ಮೇಲೇಳದಿದ್ದ, ನೀಲಾ ಮತ್ತೆ ಸ್ಕೂಲಿಗೆ ಹೊರಟಿದ್ದ ಸೋಮವಾರದ ಬೆಳಗು ಅವಳ ಕಣ್ಣಿಗೆ ಬಂತು.

ಶಾಸ್ತ್ರವೆಲ್ಲ ಮುಗಿದಿತ್ತು. ಹಾಲು ತರಲು ಹೋಗಿದ್ದ ಶೋಭಾರಾಣಿ ಅಗೆದು ಹಾಕಿದ್ದ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಎದುರು ಬದಿಗೆ ದಾಟಬೇಕಿದ್ದ ಸ್ಕೂಲಿನ ಹುಡುಗಿಯರ ಗುಂಪು ಲಾರಿಗಳಿಗೆ ಹೆದರಿ ಮುಂದೆ ಹಿಂದೆ ಆಡುತ್ತಿತ್ತು. ಅವರ ನಡುವೆ ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯ ನೀಲಾ. ಊರಿಗೆ ಹೊರಟಿದ್ದ ಸಿದ್ರಾಮ ಚೀಲವನ್ನು ಹೆಗಲಿಗೆ ಏರಿಸಿ, ನೆಟ್ಟಗೆ ರಸ್ತೆಯ ನಡುವಿಗೆ ನಡೆದು, ಬರುತ್ತಿದ್ದ ಕಾಂಕ್ರೀಟ್ ಲಾರಿಗೆ ಎತ್ತುಗಳನ್ನು ತಡೆಯುವವನಂತೆ ಕೈಯೆತ್ತಿದ. ಲಾರಿ ಬುಸುಗುಟ್ಟಿ ನಿಂತಿತು. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಓಡಿದರು, ಅತ್ತ ಮುಟ್ಟಿದರು, ತಿರುವಿನಲ್ಲಿ ಮರೆಯಾದರು. ಡ್ರೈವರು ಹಾರ್ನ್ ಒತ್ತುತ್ತಲೇ ಇದ್ದ. ಸಿದ್ರಾಮ ಆ ತಿರುವಿನ ಕಡೆಗೆ ನೋಡುತ್ತಾ, ಎತ್ತಿದ ಕೈಯನ್ನು ಇಳಿಸದೆ, ರಸ್ತೆಯ ನಡುವೆ ಹಾಗೇ ನಿಂತಿದ್ದ.